ಸಹಾಯ ಬೇಕು: ಓರೆಯಾಗಿರುವ ದಪ್ಪ ಕನ್ನಡ ಫಾಂಟ್
ಕಾಸರಗೋಡಿನ ಬದಿಯಡ್ಕದಲ್ಲಿ ಮಕ್ಕಳ ಕಬಡ್ಡಿ ಪಂದ್ಯ ಇದೆ, ಫ್ಲೆಕ್ಸ್ ಡಿಸೈನ್ ನನ್ನ ತಲೆಗೆ ಬಿದ್ದಿದೆ. ಹೆಸರು ಕನ್ನಡ, ಮಲಯಾಳ ಎರಡರಲ್ಲೂ ಬೇಕು, ಅಕ್ಷರ ದಪ್ಪಗೆ, ಓಡುವ ಹಾಗೆ ಬಲಕ್ಕೆ ವಾಲಿರಬೇಕು, ಸ್ವಲ್ಪ ತುಂಟತನವೂ ಇರಬೇಕು. ಕನ್ನಡಕ್ಕೆ ಬಾಲೂ ತಮ್ಮ ಅನ್ನುವ ಫಾಂಟ್, ಮಲಯಾಳಕ್ಕೆ ಅದರದ್ದೇ ಜೋಡಿ ಬಾಲೂ ಚೇಟ್ಟನ್ ಹಾಕಿದೆ. ಎರಡೂ ಉಚಿತ, ಚೆನ್ನಾಗಿಯೇ ಹೊಂದುತ್ತವೆ (ಚೇಟ್ಟನ್ ಅಂದ್ರೆ ಅಣ್ಣ ಅಲ್ವಾ!). ಆದರೆ ಇಟಾಲಿಕ್ (ಓರೆ ರೂಪ) ಇಲ್ಲ. ಇಂಕ್‌ಸ್ಕೇಪ್ ಅನ್ನುವ ಡಿಸೈನ್ ತಂತ್ರಾಂಶದಲ್ಲಿ 12 ಡಿಗ್ರಿ ಓರೆ ಮಾಡಿದರೆ ‘ಡ್ಡಿ’ಯ ಒತ್ತು ಎಡಕ್ಕೆ ಜಾರಿ ‘ಬ’ದ ಕಾಲಡಿ ಕೂರುತ್ತದೆ. ಅಕ್ಷರವನ್ನು ಪಾತ್ (ಗೆರೆಗಳ ಚಿತ್ರ) ಮಾಡಿ ಒತ್ತನ್ನು ಕೈಯಲ್ಲೇ ಸರಿಸಿದೆ, ಒಂದು ಪದಕ್ಕೆ ಸರಿ, ಇಪ್ಪತ್ತು ತಂಡಗಳ ಹೆಸರಿಗೆ ಯಾರು ಕೂರುತ್ತಾರೆ? ಓರೆಯಾಗಿಯೇ ಬರೆದಿರುವ, ಪ್ರಿಂಟಿಗೂ ಉಚಿತವಾಗಿ ಬಳಸಬಹುದಾದ ದಪ್ಪ ಕನ್ನಡ ಫಾಂಟ್ ಯಾವುದಾದರೂ ಇದೆಯಾ?