ರೇಡ್ 5ರಿಂದ ಡೆಸ್ಕ್‌ಟಾಪ್ ಡ್ರೈವ್ ಹೊರಬೀಳುತ್ತಿದೆ, ಸ್ಮಾರ್ಟ್ ವರದಿ ಮಾತ್ರ ಪಾಸ್

ಪ್ರಶ್ನೆ: ಡೆಬಿಯನ್ ಲಿನಕ್ಸ್, ಎಂಡಿಎಡಿಎಂ (ರೇಡ್ ನಡೆಸುವ ತಂತ್ರಾಂಶ), 4 ಟಿಬಿಯ ನಾಲ್ಕು ಡೆಸ್ಕ್‌ಟಾಪ್ ಡ್ರೈವ್ ಸೇರಿ ರೇಡ್ 5 (ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವ ಜೋಡಣೆ). ತಿಂಗಳ ಮೊದಲ ಭಾನುವಾರದ ತಪಾಸಣೆ ನಡೆಯುವಾಗ ಎಸ್‌ಡಿಸಿ ಎಂಬ ಡ್ರೈವ್ ಅರೇಯಿಂದ (ಈ ಡಿಸ್ಕ್‌ಗಳ ಗುಂಪಿನಿಂದ) ಹೊರಬಿತ್ತು. ಸ್ಮಾರ್ಟ್‌ನಲ್ಲಿ (ಡ್ರೈವಿನ ಆರೋಗ್ಯ ವರದಿ) 5ನೇ ಅಂಶ (ಕೆಟ್ಟು ಬದಲಿಸಿದ ಸೆಕ್ಟರ್‌ಗಳು, ಅಂದರೆ ಡಿಸ್ಕಿನ ಪುಟ್ಟ ತುಣುಕುಗಳು) 0, 197 (ಓದಲಾಗದೆ ಬಾಕಿಯಿರುವ ಸೆಕ್ಟರ್‌ಗಳು) ಮಾತ್ರ 8. ನಾಲ್ಕನ್ನೂ ತೆಗೆದು ಎಂಟರ್‌ಪ್ರೈಸ್ ಡ್ರೈವ್ ಹಾಕಬೇಕೇ?

ಉತ್ತರ: ಈಗಲೇ ದುಡ್ಡು ಸುರಿಯಬೇಡಿ. ಮೊದಲು ಸ್ಮಾರ್ಟ್‌ನ 199ನೇ ಅಂಶ (ಮಾಹಿತಿ ಸಾಗಣೆಯ ದೋಷಗಳ ಎಣಿಕೆ) ನೋಡಿ. ಅದು ಏರುತ್ತಿದ್ದರೆ ತಪ್ಪು ಹೆಚ್ಚಾಗಿ ಸಾಟಾ ಕೇಬಲ್ಲಿನದು. ಅದು 0 ಇದ್ದರೆ ಇದು ಕಾಯುವ ಸಮಯದ ಜಗಳ. ಓದಲಾಗದ ಸೆಕ್ಟರ್ ಸಿಕ್ಕಾಗ ಡೆಸ್ಕ್‌ಟಾಪ್ ಡ್ರೈವ್ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಹಟ ಹಿಡಿದು ಓದಲು ನೋಡಬಹುದು. ಲಿನಕ್ಸ್ ಕರ್ನಲ್ ಕಾಯುವುದು 30 ಸೆಕೆಂಡ್. ಆಮೇಲೆ ಲಿಂಕ್ ರೀಸೆಟ್ ಮಾಡುತ್ತದೆ, ಡ್ರೈವ್ ಆಗಲೂ ಉತ್ತರಿಸುವುದಿಲ್ಲ, ಅರೇ ಅದನ್ನು ಸತ್ತಿತೆಂದು ಹೊರಹಾಕುತ್ತದೆ. ಎಂಟರ್‌ಪ್ರೈಸ್ ಮತ್ತು ನ್ಯಾಸ್ (ನೆಟ್‌ವರ್ಕಿನಲ್ಲಿ ಹಂಚುವ ಸಂಗ್ರಹ ಪೆಟ್ಟಿಗೆ) ಡ್ರೈವ್‌ಗಳು ಸುಮಾರು 7 ಸೆಕೆಂಡಿಗೇ ಸೋಲೊಪ್ಪಿಕೊಳ್ಳುತ್ತವೆ. ಆಗ ಅರೇ ಉಳಿದ ಡಿಸ್ಕ್‌ಗಳಿಂದ ಆ ಸೆಕ್ಟರನ್ನು ಲೆಕ್ಕಹಾಕಿ ಮತ್ತೆ ಬರೆಯುತ್ತದೆ. ಸ್ಮಾರ್ಟ್‌ಸಿಟಿಎಲ್ ಆದೇಶದಲ್ಲಿ ಎಸ್‌ಸಿಟಿ ಇಆರ್‌ಸಿ (ಡ್ರೈವ್ ಎಷ್ಟು ಹೊತ್ತಿಗೆ ಸೋಲೊಪ್ಪಬೇಕೆಂಬ ಮಿತಿ) ಏನು ಹೇಳುತ್ತದೆ ನೋಡಿ ತಿಳಿಸಿ.

ಪ್ರಶ್ನೆ: 199 ಎಲ್ಲದರಲ್ಲೂ 0. ಮೂರರಲ್ಲಿ ಇಆರ್‌ಸಿ ಇದೆ, ಆದರೆ ಆಫ್ ಆಗಿದೆ. ನಾಲ್ಕನೆಯದಾದ ಎಸ್‌ಡಿಡಿಯಲ್ಲಿ ಸೌಲಭ್ಯವೇ ಇಲ್ಲ. ಮೂರಕ್ಕೂ 7 ಸೆಕೆಂಡ್ ಕೊಟ್ಟು ಎಸ್‌ಡಿಸಿಯನ್ನು ಸೇರಿಸಲೇ?

ಉತ್ತರ: ಈಗ ಬೇಡ, ಇಲ್ಲೇ ಅನೇಕರು ಅರೇ ಕಳೆದುಕೊಳ್ಳುವುದು. ಒಂದು ಡಿಸ್ಕ್ ಹೊರಗಿರುವಾಗ ರೇಡ್ 5ರಲ್ಲಿ ಹೆಚ್ಚುವರಿ ಪ್ರತಿ ಉಳಿದಿಲ್ಲ. ಈಗ ಡ್ರೈವ್ ಹಟ ಹಿಡಿದು ಓದಿದರೇ ನಿಮಗೆ ಲಾಭ. ಆದ್ದರಿಂದ ಇಆರ್‌ಸಿ ಆಫ್ ಇರಲಿ, ಕರ್ನಲ್ಲಿನ ತಾಳ್ಮೆ ಹೆಚ್ಚಿಸಿ: ಲಿನಕ್ಸಿನ ಸಿಸ್ ಫೋಲ್ಡರ್ ಒಳಗಿನ ಬ್ಲಾಕ್ ಫೋಲ್ಡರಿನಲ್ಲಿ ಪ್ರತಿ ಡ್ರೈವಿಗೂ ಡಿವೈಸ್ ಫೋಲ್ಡರ್ ಇದೆ, ಅದರಲ್ಲಿನ ಟೈಮ್‌ಔಟ್ ಫೈಲಿಗೆ 180 ಬರೆಯಿರಿ, ನಾಲ್ಕಕ್ಕೂ. ಬ್ಯಾಕಪ್ ತೆಗೆಯಿರಿ. ಅನಂತರವೇ ಎಸ್‌ಡಿಸಿಯನ್ನು ಸೇರಿಸಿ. ಎರಡನೆಯದೂ ಬಿದ್ದರೆ ಎಂಡಿಎಡಿಎಂನ ಕ್ರಿಯೇಟ್ (ಅರೇಯನ್ನು ಹೊಸದಾಗಿ ಮಾಡುವ) ಆಯ್ಕೆಯನ್ನು ಮುಟ್ಟಲೇಬೇಡಿ. ಮೊದಲು ಎಕ್ಸಾಮಿನ್ (ಡಿಸ್ಕಿನ ರೇಡ್ ವಿವರ ತೋರಿಸುವ ಆಯ್ಕೆ) ಕೊಟ್ಟು ಪ್ರತಿ ಡಿಸ್ಕಿನ ಈವೆಂಟ್ ಸಂಖ್ಯೆ (ಅರೇ ಬದಲಾದಂತೆ ಏರುವ ಎಣಿಕೆ) ಬರೆದುಕೊಳ್ಳಿ.

ರೀಬಿಲ್ಡ್ (ಎಸ್‌ಡಿಸಿಗೆ ಮಾಹಿತಿ ಮರಳಿ ತುಂಬುವುದು) ಮುಗಿದ ಮೇಲೆ ಆ ಮೂರು ಡ್ರೈವ್‌ಗಳ ಇಆರ್‌ಸಿಗೆ 70, 70 ಕೊಡಿ (ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ, ಒಂದು ಓದಿಗೆ, ಒಂದು ಬರಹಕ್ಕೆ). ಎಸ್‌ಡಿಡಿಗೆ 180 ಸೆಕೆಂಡೇ ಇರಲಿ. ಮತ್ತೊಮ್ಮೆ ತಪಾಸಣೆ ಓಡಿಸಿ. 197 ಸೊನ್ನೆಗೆ ಇಳಿದು 5 ಏರದಿದ್ದರೆ ಡ್ರೈವ್ ಉಳಿಸಿಕೊಳ್ಳಿ. 5 ಏರುತ್ತಲೇ ಹೋದರೆ ಬದಲಿಸಿ.

ಇನ್ನೊಂದು ಉತ್ತರ: ಬದಲಿಸುವುದಾದರೆ ಪೆಟ್ಟಿಗೆಯ ಮೇಲಿನ ಹೆಸರು ನಂಬದೆ ಮಾಡೆಲ್ ಸಂಖ್ಯೆ ನೋಡಿ, ಸಿಎಂಆರ್ (ಬರಹದ ಸಾಲುಗಳು ಒಂದರ ಮೇಲೊಂದು ಬಾರದ ವಿಧಾನ) ಎಂದು ಖಚಿತಪಡಿಸಿಕೊಳ್ಳಿ. 2020ರಲ್ಲಿ ಡಬ್ಲ್ಯುಡಿ ರೆಡ್‌ನ 2ರಿಂದ 6 ಟಿಬಿಯ ಇಎಫ್‌ಎಎಕ್ಸ್ ಮಾದರಿಗಳು ಎಸ್‌ಎಂಆರ್ (ಸಾಲುಗಳು ಒಂದನ್ನೊಂದು ಭಾಗಶಃ ಮುಚ್ಚುವ ವಿಧಾನ) ಎಂದು ಬಯಲಾಗಿತ್ತು, ನ್ಯಾಸ್ ಡ್ರೈವೆಂದೇ ಮಾರುತ್ತಿದ್ದವು. ಎಸ್‌ಎಂಆರ್‌ನಲ್ಲಿ ರೀಬಿಲ್ಡ್ ದಿನಗಟ್ಟಲೆ ಎಳೆಯಬಹುದು. ನಾಲ್ಕು ಡಿಸ್ಕಿನ ಮನೆ ಬಳಕೆಗೆ ನ್ಯಾಸ್ ದರ್ಜೆ ಸಾಕು. ಎಂಟಕ್ಕಿಂತ ಹೆಚ್ಚು ಡಿಸ್ಕ್ ಒಂದೇ ಚಾಸಿಯಲ್ಲಿ ಅದುರುತ್ತಿದ್ದರೆ, ಅಥವಾ ವರ್ಷಕ್ಕೆ ನೂರಾರು ಟಿಬಿ ಓದು-ಬರಹ ಇದ್ದರೆ ಎಂಟರ್‌ಪ್ರೈಸಿಗೆ ಬೆಲೆ ಬಂತು.

ಉತ್ತರ: ಒಂದು ಮರೆತಿದ್ದೆ. ಟೈಮ್‌ಔಟ್ ರೀಬೂಟಿಗೇ ಹೋಗುತ್ತದೆ, ಇಆರ್‌ಸಿ ಕರೆಂಟ್ ಹೋಗಿ ಬಂದರೆ ಅಳಿಯುತ್ತದೆ. ಎರಡನ್ನೂ ಯುಡೆವ್ ನಿಯಮದಲ್ಲಿ (ಡ್ರೈವ್ ಕಂಡಾಗ ಲಿನಕ್ಸ್ ತಾನೇ ಓಡಿಸುವ ನಿಯಮ) ಬರೆದಿಡಿ, ಡ್ರೈವನ್ನು ಎಸ್‌ಡಿಸಿ ಎಂದಲ್ಲ, ಸೀರಿಯಲ್ ಸಂಖ್ಯೆಯಿಂದ ಗುರುತಿಸಿ. ಬೂಟ್ ಆದಾಗ ಆ ಅಕ್ಷರಗಳು ಅದಲುಬದಲಾಗಬಹುದು.