ಸ್ವಾಲ್ಬಾರ್ಡ್ ಸಮುದ್ರದಲ್ಲಿ ನಮ್ಮವರು ಬಲೆ ಹಾಕಬಹುದೇ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಹೊನ್ನಾವರ

ಉತ್ತರ ಧ್ರುವ ಪ್ರದೇಶದ ಪಾಠ ಮಾಡುವಾಗ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ 2008ರಿಂದ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರವಿದೆ ಎಂದೆ. ಮೀನುಗಾರರ ಮನೆಯ ಹುಡುಗಿಯೊಬ್ಬಳು ಎದ್ದು, "ಟೀಚರ್, ವಿಜ್ಞಾನಿಗಳು ಮಾತ್ರ ಹೋಗಬೇಕೇ? ನಮ್ಮ ಅಪ್ಪ ಅಲ್ಲಿ ಬಲೆ ಹಾಕಬಹುದೇ?" ಎಂದಳು. ನಾಳೆ ಹೇಳುತ್ತೇನೆ ಎಂದು ಬಂದಿದ್ದೇನೆ. ಬಲ್ಲವರು ತಿಳಿಸಿ.

ಉತ್ತರ: ನಿವೃತ್ತ ಹಡಗು ಎಂಜಿನಿಯರ್, ಮಂಗಳೂರು

ಮೇಡಂ, ಆ ಹುಡುಗಿ ಸರಿಯಾದ ಜಾಗಕ್ಕೇ ಕೈಹಾಕಿದ್ದಾಳೆ. 1920ರ ಪ್ಯಾರಿಸ್ ಒಪ್ಪಂದ ದ್ವೀಪಗಳ ಒಡೆತನವನ್ನು ನಾರ್ವೆಗೆ ಕೊಟ್ಟಿತು. ಆದರೆ ಮೀನುಗಾರಿಕೆ, ಗಣಿ, ವ್ಯಾಪಾರಗಳಲ್ಲಿ ಸಹಿ ಹಾಕಿದ ಎಲ್ಲ ದೇಶಗಳ ಪ್ರಜೆಗಳಿಗೂ ಸಮಾನ ಹಕ್ಕು. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತವೂ ಆ ಪಟ್ಟಿಯಲ್ಲಿದೆ. ಅಲ್ಲಿ ವಸೂಲಾದ ತೆರಿಗೆಯನ್ನು ಆ ದ್ವೀಪಗಳಿಗೇ ಖರ್ಚು ಮಾಡಬೇಕು ಎಂಬ ಷರತ್ತೂ ಇದೆ. ನನಗೆ ಬಹಳ ಹಿಡಿಸಿದ್ದು ಇದೇ.

ಒಂದು ಬೇಸಿಗೆಯಲ್ಲಿ ನಮ್ಮ ಹಡಗು ಸ್ವಾಲ್ಬಾರ್ಡಿನ ಲಾಂಗ್‌ಯಿಯರ್‌ಬ್ಯೆನ್ ಪಟ್ಟಣದಲ್ಲಿ ನಿಂತಿತ್ತು. ಕಲ್ಲಿದ್ದಲು ಸಾಗಿಸುತ್ತಿದ್ದ ತೂಗುತೊಟ್ಟಿಗಳ ಮರದ ಕಂಬಗಳು ಗುಡ್ಡದ ಮೇಲೆ ಸಾಲಾಗಿ ನಿಂತಿದ್ದವು. ಊಟ ಬಡಿಸಿದವರು ಥಾಯ್ಲೆಂಡಿನ ಹೆಣ್ಣುಮಗಳು. ಅಲ್ಲಿ ನೆಲೆಸಲು ವೀಸಾ ಬೇಡ, ದುಡಿದು ತಿನ್ನುವ ದಾರಿಯಿದ್ದರೆ ಸಾಕು. ನಾರ್ವೆಯ ಮುಖ್ಯಭೂಮಿಯ ಮೂಲಕ ಹೋಗುವುದಾದರೆ ಮಾತ್ರ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ ವೀಸಾ, ಬೇಕು. ಆದರೆ 2022ರಿಂದ, ನಾರ್ವೆಯ ಮುಖ್ಯಭೂಮಿಯಲ್ಲಿ ಮೂರು ವರ್ಷ ಬಾಳದ ವಿದೇಶಿಯರಿಗೆ ಅಲ್ಲಿನ ಸ್ಥಳೀಯ ಚುನಾವಣೆಯಲ್ಲಿ ಮತವಿಲ್ಲ. ಊರನ್ನು ನಡೆಸುವ ಕೈಗಳಿಗೆ ಊರಿನಲ್ಲಿ ಮಾತಿಲ್ಲದಿರುವುದು ಅನ್ಯಾಯ.

ಉತ್ತರ: ಕಾನೂನು ವಿದ್ಯಾರ್ಥಿ, ಧಾರವಾಡ

ಸರ್, ಬಲೆಯ ವಿಷಯದಲ್ಲಿ ಒಂದು ಗೆರೆ ಇದೆ. ಸಮಾನ ಹಕ್ಕು ತೀರದಿಂದ 12 ನಾಟಿಕಲ್ ಮೈಲಿಯವರೆಗೆ ಮಾತ್ರ ಎನ್ನುವುದು ನಾರ್ವೆಯ ವಾದ. ಅದರಾಚೆ, ಕಡಲತಳದಲ್ಲಿ ಬಾಳುವ ಹಿಮ ಏಡಿಯನ್ನು ಹಿಡಿಯುತ್ತಿದ್ದ ಲಾಟ್ವಿಯಾದ ಹಡಗೊಂದನ್ನು 2017ರಲ್ಲಿ ತಡೆದರು. 2023ರಲ್ಲಿ ನಾರ್ವೆಯ ಸರ್ವೋಚ್ಚ ನ್ಯಾಯಾಲಯವೂ ಹಡಗಿನ ಕಂಪನಿಯ ವಿರುದ್ಧವೇ ತೀರ್ಪು ಕೊಟ್ಟಿತು. ಒಪ್ಪಂದ ಬರೆದಾಗ ಕಡಲತಳದ ಹಕ್ಕಿನ ಮಾತೇ ಹುಟ್ಟಿರಲಿಲ್ಲ. ಜಗಳದ ಬೇರು ಅಲ್ಲಿದೆ. ಗೆರೆಯೊಳಗೂ ನಾರ್ವೆಯ ಸಂರಕ್ಷಣಾ ನಿಯಮಗಳಿವೆ. ಅವು ಎಲ್ಲ ದೇಶದವರಿಗೂ ಒಂದೇ ಆಗಿರಬೇಕು, ಅಷ್ಟೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಕೃತಜ್ಞತೆ. ಇಂದು ಹಲಗೆಯ ಮೇಲೆ ದ್ವೀಪ ಬರೆದು, ಸುತ್ತ 12 ಮೈಲಿಯ ಗೆರೆ ಎಳೆದೆ. "ನಮ್ಮ ಕಡಲಿಗೂ ಇಂಥ ಗೆರೆ ಇದೆ, ಅಪ್ಪ ಹೇಳಿದ್ದಾರೆ" ಎಂದಳು ಹುಡುಗಿ. ನಾಳೆ ಅವಳ ತಂದೆಯನ್ನೇ ತರಗತಿಗೆ ಕರೆದಿದ್ದೇನೆ.