ಅಪ್‌ಡೇಟ್: ಹದಿನಾರು ಚಾನೆಲ್‌ಗಳ ಇಇಜಿ (ಮೆದುಳಿನ ವಿದ್ಯುತ್ ಅಲೆ ಅಳೆಯುವ) ಬೋರ್ಡ್ ಕೊನೆಗೂ ದಾರಿಗೆ ಬಂತು

ತಲೆಯ ಸಿಗ್ನಲನ್ನು ಅಂಕಿಗಳಾಗಿಸುವ, ತಲಾ ಎಂಟು ಚಾನೆಲ್‌ಗಳ ಎರಡು ಎಡಿಎಸ್1299 ಚಿಪ್ ಜೋಡಿಸಿದಾಗ ಎರಡನೆಯದರ ಎಂಟು ಚಾನೆಲ್‌ಗಳು ಮೊದಲನೆಯದರಿಂದ ನಿಧಾನವಾಗಿ ಹಿಂದೆ ಸರಿಯುವುದೇಕೆ ಎಂದು ಕಳೆದ ತಿಂಗಳು ಕೇಳಿದ್ದೆ. ತಪ್ಪು ನನ್ನದೇ. ಎರಡೂ ತಮ್ಮ ತಮ್ಮ ಒಳಗಿನ ಕ್ಲಾಕ್‌ನಲ್ಲೇ (ಸ್ಯಾಂಪಲ್‌ಗಳಿಗೆ ತಾಳ ಕೊಡುವ ಗಡಿಯಾರ) ಓಡುತ್ತಿದ್ದವು! ಈಗ ಮೊದಲನೆಯದರ 2.048 ಮೆಗಾಹರ್ಟ್ಸ್ ಕ್ಲಾಕನ್ನೇ ಎರಡನೆಯದಕ್ಕೆ ಕೊಟ್ಟು, ಒಳಗಿನ ಕ್ಲಾಕೋ ಹೊರಗಿನದೋ ಎಂದು ಆರಿಸುವ ಅದರ ಕ್ಲಾಕ್‌ಸೆಲ್ ಪಿನ್ನನ್ನು ಗ್ರೌಂಡ್‌ಗೆ ಸೇರಿಸಿದ್ದೇನೆ. ಸ್ಟಾರ್ಟ್ ಸಿಗ್ನಲ್ ಎರಡಕ್ಕೂ ಒಂದೇ. ಎರಡೂ ಚಿಪ್ ಸೇರಿ ಪ್ರತಿ ಸ್ಯಾಂಪಲ್‌ಗೆ 54 ಬೈಟ್ ಲೆಕ್ಕ ತಪ್ಪದೆ ಬರುತ್ತಿವೆ.

ಕರೆಂಟ್ ಲೈನಿನ 50 ಹರ್ಟ್ಸ್ ಗದ್ದಲ ಮಾತ್ರ ಬೆನ್ನು ಬಿಡಲಿಲ್ಲ. ಎರಡೂ ಎಸ್‌ಆರ್‌ಬಿ1 ಪಿನ್‌ಗಳನ್ನು (ಎಲ್ಲ ಚಾನೆಲ್‌ಗೂ ಒಂದೇ ರೆಫರೆನ್ಸ್ ಕೊಡುವವು) ಕಿವಿಯ ಒಂದೇ ಎಲೆಕ್ಟ್ರೋಡ್‌ಗೆ ಸೇರಿಸಿ, ಬಯಾಸನ್ನು (ಗದ್ದಲ ತಗ್ಗಿಸಲು ದೇಹಕ್ಕೆ ಮರಳಿ ಕೊಡುವ ಸಿಗ್ನಲ್) ಒಂದೇ ಚಿಪ್‌ನಿಂದ ಕೊಟ್ಟೆ. ಬಹುಪಾಲು ಇಳಿಯಿತು. ಬೋರ್ಡ್, ಲ್ಯಾಪ್‌ಟಾಪ್ ಎರಡೂ ಬ್ಯಾಟರಿಯಲ್ಲೇ ಇವೆ. ತಲೆಗೆ ತಂತಿ ಹಚ್ಚುವಾಗ ಅದರಲ್ಲಿ ರಾಜಿಯಿಲ್ಲ.

ನಿನ್ನೆ ನನ್ನ ತಮ್ಮ ಕಣ್ಣು ಮುಚ್ಚಿದೊಡನೆ ಹಿಂದಲೆಯ ಚಾನೆಲ್‌ಗಳಲ್ಲಿ ಕಣ್ಣು ಮುಚ್ಚಿ ಸುಮ್ಮನಿದ್ದಾಗ ಕಾಣುವ 10 ಹರ್ಟ್ಸ್ ಆಲ್ಫಾ ಅಲೆ ಎದ್ದಿತು. ಅವನ ಕೂಲಿ ಎರಡು ಬೆಣ್ಣೆ ದೋಸೆ. ದಾವಣಗೆರೆಯಲ್ಲಿ ಬೇರೇನು ಕೇಳುತ್ತಾನೆ?